ದಶಮಿಯ ರಾತ್ರಿ ಕೋಪರ್ನಿಕಸ್ ಕುಳಿ

ಚಂದ್ರನ ಕುಳಿ ನೋಡಲು ಹುಣ್ಣಿಮೆಯಂದು ಟೆಲಿಸ್ಕೋಪ್ ಹೊರತೆಗೆಯುವವರೇ ಹೆಚ್ಚು. ಅಂದು ನೆರಳೇ ಇರುವುದಿಲ್ಲ, ನೆರಳಿಲ್ಲದೆ ಆಳ ತಿಳಿಯುವುದಿಲ್ಲ. ಕೋಪರ್ನಿಕಸ್‌ಗೆ ಶುಕ್ಲ ದಶಮಿಯೇ ಸರಿ, ಆ ಕುಳಿಯಲ್ಲಿ ಬೆಳಗಾಗುವುದು ಆಗ. ಪಂಚಾಂಗದಲ್ಲಿ ತಿಥಿ ಶುರುವಾಗುವ ಹೊತ್ತನ್ನೂ ನೋಡಿಕೊಳ್ಳಬೇಕು. ದಶಮಿ ಆಗಷ್ಟೇ ಹಿಡಿದಿದ್ದರೆ ಕುಳಿ ಇನ್ನೂ ಕತ್ತಲಲ್ಲಿರಬಹುದು.

ಫಾಲ್ಗುಣದ ಆ ಸಂಜೆ ಆರು ಇಂಚಿನ ಡಾಬ್ಸೋನಿಯನ್ ಅನ್ನು (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ನ್ಯೂಟೋನಿಯನ್ ಕನ್ನಡಿ ಟೆಲಿಸ್ಕೋಪ್) ತಾರಸಿಯಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಬಿಟ್ಟೆವು. ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳದಿದ್ದರೆ ಚಿತ್ರ ಕುದಿಯುವ ನೀರಿನಡಿ ಇಟ್ಟಂತೆ ಅಲುಗುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟಿನಿಂದಲೂ ಅದೇ ತೊಂದರೆ, ಮಣ್ಣಿನ ಅಂಗಳವಿದ್ದರೆ ಅದೇ ಮೇಲು. ಈ ಮಾಸದಲ್ಲಿ ದಶಮಿಯ ಚಂದ್ರ ಏಳೂವರೆ ಸುಮಾರಿಗೆ ನೆತ್ತಿಯ ಹತ್ತಿರ ಇರುತ್ತಾನೆ. ಅಲ್ಲಿ ಡಾಬ್ಸೋನಿಯನ್ ತಿರುಗಿಸುವುದು ಕಷ್ಟ. ಒಂಬತ್ತರವರೆಗೆ ಕಾದರೆ ಸಲೀಸು.

1200 ಮಿಮೀ ನಾಭಿದೂರಕ್ಕೆ 10 ಮಿಮೀ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ 120 ಪಟ್ಟು. ಕುಳಿಯನ್ನು ನೋಟದ ಒಂದು ಅಂಚಿಗೆ ತಂದು ಕೈ ಬಿಟ್ಟರೆ ಸುಮಾರು ಒಂದೂವರೆ ನಿಮಿಷ ಅಲುಗಾಟವಿಲ್ಲದೆ ದಾಟಿಹೋಗುತ್ತದೆ. ಗಾಳಿ ನಿಂತಿಲ್ಲದ ರಾತ್ರಿ 200 ಪಟ್ಟಿಗೆ ಹೋದರೆ ಮಸುಕೇ ದೊಡ್ಡದಾಗುತ್ತದೆ.

ಕುಳಿಯ ಅಗಲ 93 ಕಿಮೀ, ಆಳ ಸುಮಾರು 3.8 ಕಿಮೀ. ಒಂಬತ್ತಕ್ಕೆ ಪೂರ್ವದ ಅಂಚಿನ ನೆರಳು ತಳವನ್ನೆಲ್ಲ ನುಂಗಿತ್ತು, ಪಶ್ಚಿಮದ ಒಳಗೋಡೆ ಮಾತ್ರ ಹೊಳೆಯುತ್ತಿತ್ತು. ಆ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಂಡದ್ದು, ಅಪ್ಪಳಿಕೆಯ ನಂತರ ತನ್ನ ಭಾರ ತಾಳದೆ ಒಳಕ್ಕೆ ಜಾರಿ ನಿಂತ ಬಂಡೆಯ ಪದರಗಳು. ಹನ್ನೊಂದರ ಹೊತ್ತಿಗೆ ಕತ್ತಲ ನಡುವೆ ಕುಳಿಯ ಮಧ್ಯದ ಶಿಖರದ ತುದಿಯೊಂದು ಚುಕ್ಕೆಯಾಗಿ ಮೂಡಿತು. ಚಂದ್ರನ ಮೇಲೆ ಬೆಳಗಿನ ಗಡಿ, ಅಂದರೆ ಬಿಸಿಲು ಕತ್ತಲೆ ಸೇರುವ ಗೆರೆ, ಗಂಟೆಗೆ ಅರ್ಧ ಡಿಗ್ರಿ ಮಾತ್ರ ಸರಿಯುವುದರಿಂದ ಇದಕ್ಕೆ ತಾಳ್ಮೆ ಬೇಕು.

ಕುಳಿಗಿಂತ ಅದರ ಹೊರವಲಯವೇ ನಮಗೆ ಹೆಚ್ಚು ಇಷ್ಟ. ಪೂರ್ವಕ್ಕೆ ಎರಾಟೊಸ್ಥೆನೀಸ್ ಕುಳಿ. ನಡುವೆ ಲಾವಾದಲ್ಲಿ ಮುಳುಗಿ ಉಂಗುರದ ಗುರುತಷ್ಟೇ ಉಳಿದ ಸ್ಟಾಡಿಯಸ್ ಕುಳಿ. ಅದರ ಬಳಿ ಸಾಲಾಗಿ ಹೊಲಿಗೆ ಹಾಕಿದ ಹಾಗೆ ಸಣ್ಣ ಗುಳಿಗಳು. ಕೋಪರ್ನಿಕಸ್ ಅಗೆದು ಎಸೆದ ಬಂಡೆಗಳು ಬಿದ್ದ ಜಾಗಗಳವು. ಅದರ ಬಿಳಿ ಕಿರಣಗಳು, ಅಂದರೆ ಎಸೆದ ಮಣ್ಣು ಬಿದ್ದು ಆದ ಉದ್ದನೆಯ ಪಟ್ಟೆಗಳು, ಎರಾಟೊಸ್ಥೆನೀಸ್ ಮೇಲೂ ಹಾಯುತ್ತವೆ, ಹಾಗಾಗಿ ಯಾವುದು ಹಳೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 1969ರಲ್ಲಿ ಅಪೊಲೊ 12 ಇಳಿದದ್ದು ಇಂಥದೇ ಒಂದು ಕಿರಣದ ಮೇಲೆ. ಅಲ್ಲಿನ ಮಣ್ಣಿನಿಂದ ಕೋಪರ್ನಿಕಸ್‌ನ ವಯಸ್ಸು ಸುಮಾರು 80 ಕೋಟಿ ವರ್ಷವೆಂದು ಅಂದಾಜಿಸಿದರು. ಕಿರಣಗಳನ್ನು ನೋಡಲು ಮಾತ್ರ ಹುಣ್ಣಿಮೆಯೇ ಬೇಕು.

ಏಕಾದಶಿಯಂದು ಪಶ್ಚಿಮಕ್ಕೆ ಸರಿದು ಹಾರ್ಟೆನ್ಸಿಯಸ್ ಕುಳಿಯ ಉತ್ತರಕ್ಕೆ ನೋಡಿ. ಜ್ವಾಲಾಮುಖಿಯಿಂದಾದ ತಗ್ಗು ಗುಮ್ಮಟಗಳ ಗುಂಪು ಅಲ್ಲಿದೆ. ನ್ಯೂಟೋನಿಯನ್‌ನಲ್ಲಿ ಚಿತ್ರ ತಲೆಕೆಳಗಾಗುವುದರಿಂದ ಅವು ಕುಳಿಯ ಕೆಳಗೆ ಕಾಣುತ್ತವೆ. ದ್ವಾದಶಿಯ ಬಿಸಿಲಿಗೆ ಅವನ್ನು ಗುರುತಿಸುವುದು ಕಷ್ಟ.