ಮರಿ ಕುಂಟಿದ್ವು ಅಂತ ಕಲ್ಲುಪುಡಿ ಹಾಕ್ದೆ, ಇನ್ನೂ ಕೆಟ್ಟು ಹೋತು

ಗಂಗಾವತಿ ಹತ್ರ ಒಂದು ಲೇಯರ್ (ತತ್ತಿ ಕೋಳಿ) ಫಾರ್ಮ್‌ನ್ಯಾಗ ಫೀಡ್ ಮಿಕ್ಸಿಂಗ್, ಮರಿ ಶೆಡ್ ಎರಡೂ ನಂದೇ ಜವಾಬ್ದಾರಿ. ಹೋದ ಬ್ಯಾಸಿಗಿ ಬ್ಯಾಚ್‌ನ್ಯಾಗ ನಾ ಹಾಕಿದ ಒಂದು ತಪ್ಪು ಲೆಕ್ಕದ ಕತಿ ಇದು.

ನಮ್ಮ ಕಡಿ ರೈಸ್ ಮಿಲ್‌ಗೇನು ಬರಗಾಲಾನ, ಎಣ್ಣಿ ತೆಗದ ತೌಡು ಬೇಕಾದಷ್ಟು ಸಿಕ್ತೈತಿ. ಮೆಕ್ಕೆಜೋಳದ ರೇಟ್ ಏರಿತ್ತು, ಓನರ್ ಖರ್ಚು ಇಳಸ್ರಿ ಅಂದ್ರು, ನಾ ಚಿಕ್ ಫೀಡ್‌ನ್ಯಾಗ ಜೋಳ ಕಡಿಮಿ ಮಾಡಿ ತೌಡು ಏರಿಸ್ದೆ. ಅಷ್ಟಕ್ಕ ಬಿಟ್ಟಿದ್ರ ನಡೀತಿತ್ತೇನೋ. ತೌಡಿನ್ಯಾಗ ರಂಜಕ ಒಂದೂವರೆ ಪರ್ಸೆಂಟ್ ತನ ಐತಿ, ಅಂದಮ್ಯಾಲ ರಂಜಕಕ್ಕಂತ ಹಾಕೋ ಇಷ್ಟು ರೇಟಿನ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಯಾಕ ಸುರೀಬೇಕು ಅಂತ ಟನ್ನಿಗೆ 12 ಕೆಜಿ ಹಾಕೋದನ್ನ 6ಕ್ಕ ಇಳಿಸಿಬಿಟ್ಟೆ. ಕಾಗದದ ಮ್ಯಾಲ ರಂಜಕ ಬರೋಬ್ಬರಿ ಇತ್ತು, ಅದ್ರಾಗ ಸುಳ್ಳಿಲ್ಲ.

ಮೂರನೇ ವಾರಕ್ಕ ಕೆಲವು ಮರಿ ಮೊಣಕಾಲ ಮ್ಯಾಲ ಕುಂತುಬಿಟ್ವು, ಫೀಡರ್ ತನ ತೆವಳ್ಕೊಂಡು ಬರ್ತಿದ್ವು. ಎಲುಬು ಮೆತ್ತಗಾದ್ರ ಕ್ಯಾಲ್ಸಿಯಂ ಕಮ್ಮಿ ಅಂತ ಸಣ್ಣ ಹುಡುಗರಿಗೂ ಗೊತ್ತಿರ್ತೈತಿ ಅಲ್ರಿ, ನಾನೂ ಯಾರನ್ನೂ ಕೇಳಲಿಲ್ಲ, ಟನ್ನಿಗೆ 25 ಕೆಜಿ ಕಲ್ಲುಪುಡಿ, ಅಂದ್ರ ಕ್ಯಾಲ್ಸಿಯಂ ಇರೋ ಸುಣ್ಣದಕಲ್ಲಿನ ಪುಡಿ, ಹೆಚ್ಚಿಗಿ ಹಾಕ್ದೆ. ವಾರ ಕಳೀತು, ಕುಂಟೋವು ಡಬಲ್ ಆದ್ವು, ಸಾಯಾಕೂ ಶುರುವಾದ್ವು.

ಆಮ್ಯಾಲ ಡಾಕ್ಟರ್‌ನ ಕರಸಿದ್ವಿ. ಅವ್ರು ಮೊದ್ಲು ಕಾಲಿನ ಹಿಂದಿನ ಗಂಟು ಮುಟ್ಟಿ ನೋಡಿದ್ರು, ಮ್ಯಾಂಗನೀಸ್ ಕಮ್ಮಿಯಾಗಿದ್ರ ಅಲ್ಲಿ ಸ್ನಾಯುವಿನ ಹುರಿ (ಟೆಂಡನ್) ಜಾರಿ ಕಾಲು ಹೊರಗ ತಿರುಗ್ತೈತಂತ, ಆದ್ರ ಎಲುಬು ಗಟ್ಟಿನೇ ಇರ್ತೈತಂತ. ನಮ್ಮವು ಹಂಗಿರಲಿಲ್ಲ. ಕೊಕ್ಕನ್ನ ಹೆಬ್ಬೆರಳಿಂದ ಒತ್ತಿದ್ರು, ಸೈಕಲ್ ಟ್ಯೂಬ್ ಬಾಗಿದಂಗ ಬಾಗ್ತು. ಸತ್ತ ಮರಿ ಕಾಲಿನ ಎಲುಬು ಕೈಯಾಗ ಕೊಟ್ಟು ಮುರೀರಿ ಅಂದ್ರು, ಚಟ್ ಅನ್ನಬೇಕಾದದ್ದು ಸುಮ್ಮನ ಮಣೀತು. ಹೊಟ್ಟಿ ಕೊಯ್ದ್ರ ಕಿಡ್ನಿ ಉಬ್ಬಿತ್ತು, ಒಂದೆರಡರ ಎದಿಗುಂಡಿಗಿ ಮ್ಯಾಲ ಚಾಕ್‌ಪೀಸ್ ಪುಡಿ ಉದುರಿಸಿದಂಗ ಬೆಳ್ಳಗ ಕುಂತಿತ್ತು.

ಮರಿಗೆ ಕಮ್ಮಿ ಬಿದ್ದದ್ದು ಕ್ಯಾಲ್ಸಿಯಂ ಅಲ್ಲ, ರಂಜಕ. ಅದು ಹೆಂಗ ಅಂದ್ರ, ತೌಡಿನ್ಯಾಗಿನ ರಂಜಕದಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಫೈಟೇಟ್ ರೂಪದಾಗ ಬೀಗ ಹಾಕ್ಕೊಂಡಿರ್ತೈತಿ, ಮರಿ ಹೊಟ್ಟ್ಯಾಗ ಅದನ್ನ ಬಿಡಿಸೋ ಶಕ್ತಿ ಭಾಳ ಕಮ್ಮಿ. ಎಲುಬು ಗಟ್ಟಿಯಾಗಾಕ ಕ್ಯಾಲ್ಸಿಯಂ ರಂಜಕ ಎರಡೂ ಬೇಕು. ಚಿಕ್ ಫೀಡ್‌ಗೆ ಕ್ಯಾಲ್ಸಿಯಂ 1 ಪರ್ಸೆಂಟ್, ಮರಿಗೆ ದಕ್ಕೋ ರಂಜಕ 0.45ರ ಆಸುಪಾಸು ಇರಬೇಕು, ದಕ್ಕೋದು ಅನ್ನೋ ಮಾತೇ ನಾ ಬಿಟ್ಟಿದ್ದೆ. ಮ್ಯಾಲ ನಾ ಸುರಿದ ಕಲ್ಲುಪುಡಿ ಆ ಫೈಟೇಟ್‌ಗೆ ಗಂಟು ಬಿದ್ದು ಇನ್ನಷ್ಟು ಬಿಗಿ ಮಾಡ್ತು, ಸತು ಮ್ಯಾಂಗನೀಸ್‌ನೂ ಹಿಡ್ಕೊಂಡು ಕುಂತ್ಕೊಂತು, ಉಳಿದ ಕ್ಯಾಲ್ಸಿಯಂ ಭಾರ ಕಿಡ್ನಿ ಮ್ಯಾಲ ಬಿತ್ತು. ತತ್ತಿ ಇಡೋ ಕೋಳಿಗೆ ಮೂರೂವರೆ, ನಾಲ್ಕು ಪರ್ಸೆಂಟ್ ಕೊಟ್ರೂ ನಡೀತೈತಿ, ಚಿಪ್ಪಿನ್ಯಾಗ ಹೋಗ್ತೈತಿ. ಮರಿ ಎಲ್ಲಿ ಇಟ್ಕೋಬೇಕು?

ಹೆಚ್ಚಿಗಿ ಕಲ್ಲುಪುಡಿ ತೆಗದ್ವಿ, ಡಿಸಿಪಿ ವಾಪಸ್ 12ಕ್ಕ ತಂದ್ವಿ, ಫೈಟೇಟ್ ಬೀಗ ಬಿಡಿಸೋ ಫೈಟೇಸ್ ಎನ್ಜೈಮ್ ಸೇರಿಸಿದ್ವಿ, ನೀರಿನ್ಯಾಗ ವಿಟಮಿನ್ ಡಿ3 ಕೊಟ್ವಿ. ಸ್ವಲ್ಪ ಬಾಗಿದ್ವು ಎದ್ದು ನಿಂತ್ವು, ಪೂರಾ ಬಿದ್ದವನ್ನ ತೆಗೀಬೇಕಾತು. ಎಂಟನೇ ವಾರ ತೂಕ ಹಾಕಿದ್ರ ಶೆಡ್ಡಿನ ಒಂದೇ ಖಾನೆಯಾಗ ಅಕ್ಕತಂಗ್ಯಾರ ಇದ್ದಂಗ ಒಂದು ದೊಡ್ಡದು ಒಂದು ಸಣ್ಣದು, ಆ ಏರುಪೇರು ತತ್ತಿಗೆ ಬರೋ ತನಾನೂ ಹೋಗಲಿಲ್ಲ.

ಓನರ್ ಬೈಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಈಗ ಪ್ರತಿ ವಾರ ಒಂದು ನಾಲ್ಕು ಮರಿ ಹಿಡಿದು ಕೊಕ್ಕು ಒತ್ತಿ ನೋಡ್ತೀನಿ, ಹುಡುಗರು ನಗ್ತಾರ. ಮೊನ್ನಿ ಮಿಲ್‌ನವ್ರು ಫೋನ್ ಮಾಡಿದ್ರು, ತೌಡು ಐತಿ ಲೋಡ್ ಕಳಸ್ಲೇನು ಅಂತ. ಅರ್ಧ ಲೋಡ್ ಸಾಕು, ಗ್ರೋವರ್‌ಗೆ (ಮರಿ ವಯಸ್ಸು ದಾಟಿ ಬೆಳೆಯೋ ಕೋಳಿಗೆ) ಮಾತ್ರ ಅಂದೆ.