ದೊಡ್ಡಕೆರೆಯೋ, ಚೌಡಿಕೆರೆಯೋ?

ನಮ್ಮದು ಸಾಗರದ ಹತ್ತಿರದ ಒಂದು ಹೈಸ್ಕೂಲು. ಬಿ.ಎಡ್.ನಲ್ಲಿ ಜೊತೆಗಿದ್ದ ಗೆಳತಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ಎರಡೂ ಕಡೆಯ ಮಕ್ಕಳನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸುವುದನ್ನು ಮೊದಲೂ ಮಾಡಿದ್ದೆವು. ಆ ಕಡೆಯಿಂದ ಒಂದು ಹಾಡು, ಈ ಕಡೆಯಿಂದ ಒಂದು ಭಾಷಣ, ಟಾಟಾ. ಎಲ್ಲರಿಗೂ ಬೇಜಾರು. ಮಾತಾಡೋಕೆ ಏನಾದರೂ ಕೆಲಸ ಬೇಕಲ್ವಾ? ಅದಕ್ಕೇ ಈ ಸಲ ನಕ್ಷೆ ಬಿಡಿಸಲು ಹೊರಟೆವು.

ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಗಿದ್ದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಉಪಗ್ರಹ ಚಿತ್ರದ ಮೇಲೆ ಮೌಸ್‌ನಲ್ಲಿ ಗೆರೆ ಎಳೆದರೆ ರಸ್ತೆ, ಮನೆ, ಕೆರೆ ಎಲ್ಲ ಸೇರುತ್ತವೆ. ಕನ್ನಡದಲ್ಲೇ ಹೆಸರು ಬರೆಯಬಹುದು. ನಾವು ಮಾಡಿಕೊಂಡ ನಿಯಮ ಇಷ್ಟೇ: ಅವರ ಊರನ್ನು ನಾವು ಬಿಡಿಸುವುದು, ನಮ್ಮ ಊರನ್ನು ಅವರು. ಹೆಸರು ಮಾತ್ರ ಆಯಾ ಊರಿನವರನ್ನೇ ಕೇಳಬೇಕು. ಖಾತೆ ಟೀಚರದ್ದು, ಮೌಸ್ ಮಕ್ಕಳದ್ದು.

ಶನಿವಾರ ಬೆಳಗಿನ ಶಾಲೆ. ಕರೆಂಟೂ ಇತ್ತು, ನೆಟ್ಟೂ ಇತ್ತು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆಯೇ "ಊರು ಎಲ್ಲೈತ್ರಿ ಮೇಡಂ? ಬರೇ ಗಿಡಾನ ಅದಾವಲ್ರಿ!"

ನಮ್ಮವರು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರೇ ಮೈಕಿನ ಹತ್ತಿರ ಬಂದು ದಾರಿ ಹೇಳತೊಡಗಿದರು. ಅಡಿಕೆ ತೋಟದ ಅಂಚಿಗೆ ಬನ್ನಿ, ಅಲ್ಲಿ ಕೆಂಪಗೆ ಕಾಣೋದು ಹೆಂಚು, ಅದು ಭಟ್ಟರ ಮನೆ. ಯಂತ್ರವೇ ಕಟ್ಟಡ ಗುರುತಿಸಿ ತೋರಿಸುವ ಸೌಲಭ್ಯವೂ ಈಗ ಇದೆ. ಅದು ಅಡಿಕೆ ಒಣಗಿಸುವ ಪಾಲಿಹೌಸಿಗೂ ಮನೆಯ ಗೆರೆ ಹಾಕಿಕೊಟ್ಟಿತ್ತು! ಅಂಥದ್ದನ್ನೆಲ್ಲ ಇಲ್ಲಿಂದ ಕೂಗಿ ಕೂಗಿ ಅಳಿಸಿದ್ದಾಯಿತು. ಭಟ್ಟರ ಮನೆ ಅಂತ ನಕ್ಷೆಯಲ್ಲಿ ಬರೆಯುವ ಹಾಗಿಲ್ಲ, ಅಲ್ಲಿ ಖಾಸಗಿ ಮನೆಗಳಿಗೆ ಜನರ ಹೆಸರು ಹಾಕುವುದಿಲ್ಲ ಅಂದಾಗ ಮಾತ್ರ ಎರಡೂ ಕಡೆ ಮುಖ ಸಣ್ಣಗಾಯಿತು.

ನಮ್ಮ ಪಾಳಿ ಬಂದಾಗ ಆಶ್ಚರ್ಯಪಡುವ ಸರದಿ ನಮ್ಮ ಮಕ್ಕಳದು. "ಇವರ ಮನೆಗೆ ಅಂಗಳವೇ ಇಲ್ವಾ?" ಗೋಡೆಗೆ ಗೋಡೆ ತಾಗಿದ ಮನೆಗಳು. "ಅಂಗಳ ಯಾಕ್ರಿ, ಬ್ಯಾಸಿಗ್ಯಾಗ ಮಾಳಗಿ ಮ್ಯಾಲೇ ಮಲಗ್ತೀವಿ" ಅಂತ ಉತ್ತರ ಬಂತು. ಊರಾಚೆ ಉದ್ದಕ್ಕೆ ಹೋದ ಗೆರೆಯನ್ನು ನಮ್ಮ ಹುಡುಗನೊಬ್ಬ ಹೆದ್ದಾರಿ ಅಂದುಕೊಂಡಿದ್ದ. ಅದು ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಅಲ್ಲಿನ ಭತ್ತದ ಗದ್ದೆಗೆ ಹೋಗುತ್ತದೆ.

ಆ ನೀರು ಎಲ್ಲಿಂದ ಬರುತ್ತೆ ಅಂತ ಗೆಳತಿ ಸುಮ್ನೆ ಕೇಳಿದಳು. ಮಕ್ಕಳು ನಕ್ಷೆಯನ್ನು ಹಿಂದಕ್ಕೆ ಎಳೆಯುತ್ತಾ ಹೋದರು. ಕಾಲುವೆ, ಹೊಸಪೇಟೆಯ ಹತ್ತಿರದ ಅಣೆಕಟ್ಟು, ಹೊಳೆ, ಗಳಗನಾಥದ ಸಂಗಮ. ಅಲ್ಲಿ ಕೂಡುವ ವರದೆಯನ್ನು ಹಿಡಿದು ಮೇಲೆ ಮೇಲೆ ಬಂದರೆ ವರದಾಮೂಲ! ನಮ್ಮ ಮಕ್ಕಳು ಪಿಕ್‌ನಿಕ್ ಹೋಗುವ ಜಾಗ. ಪಠ್ಯದಲ್ಲಿ ಉಪನದಿಗಳ ಪಟ್ಟಿಯನ್ನು ನಾನು ಪ್ರತಿ ವರ್ಷ ಬಾಯಿಪಾಠ ಮಾಡಿಸುತ್ತೇನೆ. ಯಾರೂ ಹೀಗೆ ಬೆಂಚಿನ ಮೇಲೆ ಹತ್ತಿ ನಿಂತಿರಲಿಲ್ಲ. "ನಮ್ಮೂರ ಮಳೆ ನೀರಲ್ಲಿ ಇವರು ಅನ್ನ ಉಣ್ತಾರೆ" ಅಂತ ಒಬ್ಬಳು ಜಂಬ ಕೊಚ್ಚಿದಳು. "ಹಂಗಾರ ಜಾಸ್ತಿ ಕಳಸ್ರಿ, ಕಡೀಗೆ ಮುಟ್ಟಾಂಗಿಲ್ಲ" ಅಂತ ಆ ಕಡೆಯವನು. ಕಾಲುವೆಯ ಕೊನೆಭಾಗದ ರೈತರ ಕಷ್ಟ ಹೀಗೆ ನಮ್ಮ ಕ್ಲಾಸಿಗೆ ಬಂತು.

ಕೊನೆಗೆ ಜಗಳ ಎದ್ದಿದ್ದು ನಮ್ಮೂರ ಕೆರೆಯ ಹೆಸರಿಗೆ. ಮೇಲಿನಕೇರಿಯವರಿಗೆ ಅದು ದೊಡ್ಡಕೆರೆ, ಕೆಳಗಿನಕೇರಿಯವರಿಗೆ ಚೌಡಿಕೆರೆ. ನಕ್ಷೆಯಲ್ಲಿ ಇನ್ನೊಂದು ಹೆಸರಿಗೂ ಜಾಗ ಇದೆ, ಆದರೆ ಮೊದಲ ಹೆಸರು ಯಾವುದು? ಸಿಂಧನೂರಿನ ಹುಡುಗ ಪಂಚಾಯ್ತಿಗೆ ಇಳಿದ. "ಆ ನೀರು ಯಾರ ಗದ್ದಿಗೆ ಹೊಕ್ಕೈತ್ರಿ? ಅವರು ಏನಂತಾರೋ ಅದನ್ನ ಹಾಕ್ರಿ."

ನೀರು ಹೋಗುವುದು ಕೆಳಗಿನಕೇರಿಗೆ. ಚೌಡಿಕೆರೆ ಅಂತಲೇ ಆಯಿತು. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಮೇಲಿನಕೇರಿಯ ಹುಡುಗಿಯೊಬ್ಬಳು ತನ್ನ ಅಜ್ಜನನ್ನೇ ಶಾಲೆಗೆ ಕರೆತಂದಿದ್ದಳು. ಅವರಿಗೆ ಆ ರಾಯಚೂರಿನ ಮಾಣಿಯ ಹತ್ತಿರವೇ ಮಾತಾಡಬೇಕಂತೆ.