ಜಮೈಕಾ ಕರೆಗೆ ಅಮೆರಿಕದ ರೇಟು

ಕಾಲ್ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ ದಿನಗಳು. ಒಂದು ತಿಂಗಳು ಲೆಕ್ಕ ತಾಳೆಯೇ ಆಗಲಿಲ್ಲ. ತಪ್ಪು ನನ್ನದೇ. ಜಮೈಕಾದ 1876 ಕೋಡಿನ ಕರೆಗಳಿಗೆಲ್ಲ ಅಮೆರಿಕದ 1 ಕೋಡಿನ ಅಗ್ಗದ ರೇಟು ಹಾಕಿಬಿಟ್ಟಿದ್ದೆ! ನಂಬರಿನ ಶುರುವಿಗೆ ಎರಡೂ ಕೋಡ್ ಹೊಂದುತ್ತವೆ, ಆದರೆ ಉದ್ದದ್ದೇ ಗೆಲ್ಲಬೇಕು, ಅಲ್ವಾ? ನಮ್ಮ ಎಸ್‌ಟಿಡಿ ಕೋಡ್ ನೋಡಿ: ಬೆಂಗಳೂರು 80, ಮೈಸೂರು 821, ಮಡಿಕೇರಿ 8272. ಉದ್ದ ಬೇರೆ ಬೇರೆ, ಆದರೂ ಒಂದರೊಳಗೆ ಇನ್ನೊಂದು ಕೂರುವುದಿಲ್ಲ. ಆ ಅಭ್ಯಾಸದಲ್ಲೇ ಎಡವಿದೆ.

ಮೊದಲು ಡೇಟಾಬೇಸ್ ಹುಡುಕಾಟದಲ್ಲಿ ಲೈಕ್ (LIKE) ಹಾಕಿ, ಅಂದರೆ ನಂಬರು ಯಾವ ಕೋಡಿನಿಂದ ಶುರುವಾಗುತ್ತದೆ ಎಂದು ಕೇಳಿ, ಉದ್ದದ ಕೋಡ್ ಮೇಲೆ ಬರುವಂತೆ ಜೋಡಿಸಿ, ಒಂದೇ ಸಾಲು ತೆಗೆದೆ. ಉತ್ತರ ಸರಿ. ಆದರೆ ಪ್ರತಿ ಕರೆಗೂ ಸುಮ್ನೆ ಇಡೀ ರೇಟ್ ಟೇಬಲ್ ಜಾಲಾಡುತ್ತಿತ್ತು. ಆಮೇಲೆ ನಂಬರನ್ನೇ ಕತ್ತರಿಸಿದೆ: 1, 18, 187, 1876, ಹೀಗೆ ಏಳೆಂಟು ಅಂಕಿಯವರೆಗೆ. ಈ ತುಂಡುಗಳನ್ನು ಇನ್ (IN) ಪಟ್ಟಿಗೆ, ಅಂದರೆ ಇವುಗಳಲ್ಲಿ ಯಾವುದಾದರೂ ಕೋಡ್ ಇದೆಯೇ ಎಂದು ಕೇಳುವ ಪಟ್ಟಿಗೆ, ಕೊಟ್ಟರೆ ಟೇಬಲ್ಲಿನ ಇಂಡೆಕ್ಸ್, ಅಂದರೆ ನೇರ ಹುಡುಕುವ ಸೂಚಿ, ಕೆಲಸಕ್ಕೆ ಬರುತ್ತದೆ. ಸಿಕ್ಕಿದ್ದರಲ್ಲಿ ಉದ್ದದ್ದನ್ನು ಇಟ್ಟುಕೊಂಡೆ. ಟೀ ಆರುವ ಮುಂಚೆ ತಿಂಗಳ ಬಿಲ್ಲು ಮುಗಿಯಿತು.